ಅಮ್ಮಾಜಮ್ಮ ಮೆಟ್ಟಿಲು ಹತ್ತಿದ್ದು

ಸಾದಲಿಯಿಂದ ಬಂದ ಬಸ್ಸು ಚಿಂತಾಮಣಿಯಲ್ಲಿ ಇಳಿಸಿದಾಗ ಅಮ್ಮಾಜಮ್ಮನ ತಲೆಯ ಮೇಲೆ ಬುಟ್ಟಿ, ಬುಟ್ಟಿಯೊಳಗೆ ಬಾಣಂತಿ ಲೇಹ್ಯದ ಡಬ್ಬಿ, ಮನಸ್ಸಿನೊಳಗೆ ಗಡಿಬಿಡಿ. ಮಗಳು ವರಲಕ್ಷ್ಮಿಯ ಕೂಸನ್ನು ಮಧ್ಯಾಹ್ನದೊಳಗೆ ತೊಟ್ಟಿಲಿಗೆ ಹಾಕಬೇಕಿತ್ತು. ತಾಯಿಯ ತಾಯಿಯೇ ಹಾಕಬೇಕು, ಅದು ಅವರ ಮನೆತನದ ಪದ್ಧತಿ. ಹೆರಿಗೆಯಾದಾಗ ಆಸ್ಪತ್ರೆಗೆ ಬಂದು ಮಗುವಿನ ಮುಖ ನೋಡಿದವಳು, ರೇಷ್ಮೆ ಹುಳು ಹಣ್ಣಾಗುವ ಹೊತ್ತೆಂದು ಮರುದಿನವೇ ಊರಿಗೆ ಓಡಿದ್ದಳು. ಈಗ ಹುಳು ಗೂಡು ಕಟ್ಟಿತ್ತು, ಮೊಮ್ಮಗಳನ್ನು ಎತ್ತಿಕೊಳ್ಳಲು ಅವಳ ಜೀವ ತುಡಿಯುತ್ತಿತ್ತು.

ಅಳಿಯನ ಬಾಡಿಗೆ ಮನೆ ಗುಡ್ಡದ ಬೀದಿಯಲ್ಲಿತ್ತು. ಅಲ್ಲಿಗೆ ಅವಳು ಹೋಗುವುದು ಅದೇ ಮೊದಲು. ಗುಡ್ಡದ ಬುಡದಲ್ಲಿ ಕತ್ತೆತ್ತಿ ನೋಡಿದವಳು ಹಾಗೇ ನಿಂತುಬಿಟ್ಟಳು. ಮೇಲಿನವರೆಗೂ ಮೆಟ್ಟಿಲು, ಮೆಟ್ಟಿಲ ತುಂಬ ಬಣ್ಣ. ಒಡೆದ ಬಸಿ, ಕಪ್ಪು, ತಟ್ಟೆ, ಹೆಂಚಿನ ಚೂರುಗಳನ್ನೆಲ್ಲ ಗಾರೆಯಲ್ಲಿ ಕೂರಿಸಿ ಹೂವು, ಬಳ್ಳಿ, ಗಿಳಿಗಳನ್ನು ಮಾಡಿದ್ದರು. ಒಂದು ಗಿಳಿಗೆ ಕೋಳಿಯ ಕಾಲು ಬಂದಿತ್ತು, ಆದರೂ ಚೆಂದವಾಗಿಯೇ ಇತ್ತು.

ಅಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಹೆಂಗಸು ಕೇಳುವ ಮೊದಲೇ ಕಥೆ ಶುರು ಮಾಡಿದಳು. ಮೊದಲು ಇಲ್ಲಿ ಬರೀ ಜಾರುವ ಇಳಿಜಾರಿತ್ತಂತೆ, ಕೆಳಗಿನ ನಲ್ಲಿಯಿಂದ ನೀರು ಹೊತ್ತವರು ಬೀಳದ ದಿನವಿರಲಿಲ್ಲವಂತೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಬೀದಿಯವರೇ ಸೇರಿ ಕಟ್ಟಿದರು. ಪ್ರತಿ ಮನೆಯಿಂದಲೂ ಒಡೆದ ಸಾಮಾನು ಬಂತು, ತುದಿಯಲ್ಲಿರುವ ಹರಿಜನರ ಕೇರಿಯಿಂದಲೂ ಬಂತು ಎಂದು ಅವಳು ಹೆಮ್ಮೆಯಿಂದ ಹೇಳಿದಳು.

ಮೊದಲ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಅಮ್ಮಾಜಮ್ಮ ಕೆಂಡ ತುಳಿದವಳಂತೆ ಹಿಂದಕ್ಕೆಳೆದುಕೊಂಡಳು. ಮಣ್ಣಾದರೆ ಭೂಮಿತಾಯಿ, ಯಾರು ನಡೆದರೂ ಅದಕ್ಕೆ ಮೈಲಿಗೆಯಿಲ್ಲ. ಬಸಿಯೆಂದರೆ ಯಾರೋ ಬಾಯಿಟ್ಟು ಕುಡಿದದ್ದು. ಅದನ್ನು ತುಳಿದುಕೊಂಡು ಹೋಗಿ ಎಳೆಗೂಸನ್ನು ಮುಟ್ಟುವುದು ಹೇಗೆ? ಬೇರೆ ದಾರಿ ಹುಡುಕಿದಳು. ಎರಡು ಕಡೆಯೂ ಬಂಡೆ, ಕಳ್ಳಿ. ಹೊತ್ತು ಬೇರೆ ಏರುತ್ತಿತ್ತು.

ಅಷ್ಟರಲ್ಲಿ ಬಿಳಿ ಪಂಚೆ, ಕೋಟು ತೊಟ್ಟು ಕೊಡೆ ಹಿಡಿದವರೊಬ್ಬರು ಬಂದರು. ವಿಚಾರಿಸಿದರೆ ಅದೇ ಬೀದಿಯವರು, ಕೋನಪ್ಪನವರಂತೆ, ಶಾಲೆಯ ಮೇಷ್ಟ್ರಂತೆ. ಮೇಷ್ಟ್ರೆಂದ ಮೇಲೆ ಅಮ್ಮಾಜಮ್ಮ ಮತ್ತೇನೂ ಕೇಳಲಿಲ್ಲ. ಯಾವ ಚೂರು ಯಾರ ಮನೆಯದೆಂದು ತೋರಿಸಿಕೊಟ್ಟರೆ ಪುಣ್ಯ ಬರುತ್ತದೆ, ಒಳ್ಳೆಯವರ ಮನೆಯದರ ಮೇಲಷ್ಟೇ ಕಾಲಿಟ್ಟು ಹತ್ತುತ್ತೇನೆ ಎಂದಳು. ಕೋನಪ್ಪನವರು ಅವಳನ್ನೊಮ್ಮೆ ನೋಡಿದರು, ಮೆಟ್ಟಿಲನ್ನೊಮ್ಮೆ ನೋಡಿದರು.

“ಎಲ್ಲಾ ಗೊತ್ತಿಲ್ಲಮ್ಮ. ನೀಲಿ ಗೆರೇದು ಮಾತ್ರ ನಮ್ಮನೇದು. ನಮ್ಮನೆಯೋರು ಪಿಂಗಾಣಿ ತಟ್ಟೆ ಬುಟ್ಟೀಲಿ ಹೊತ್ಕೊಂಡು ಬರ್ತಾ ಇಲ್ಲೇ ಜಾರಿದ್ರು. ಒಂದೂ ಉಳೀಲಿಲ್ಲ. ಅದಕ್ಕೇ ಮೆಟ್ಟಿಲಿಗೊಂದು ಸಿಗುತ್ತೆ.”

“ಹಂಗಾದ್ರೆ ನಿಮ್ಮದರ ಮೇಲೇ ಬರ್ತೀನಿ ಮೇಷ್ಟ್ರೇ. ನೀವು ಮುಂದೆ ನಡೀರಿ.”

ಬುಟ್ಟಿಯನ್ನು ಮೇಷ್ಟ್ರೇ ಕೇಳಿ ಇಸಕೊಂಡರು. ಅಮ್ಮಾಜಮ್ಮ ನೆರಿಗೆ ಎತ್ತಿ ಹಿಡಿದು, ಕುಂಟೆಬಿಲ್ಲೆ ಆಡುವ ಹುಡುಗಿಯ ಹಾಗೆ ನೀಲಿಯಿಂದ ನೀಲಿಗೆ ನೆಗೆಯತೊಡಗಿದಳು. ಒಂದು ಕಡೆ ನೀಲಿ ಚೂರು ಮೂಲೆಗೆ ಹೋಗಿ ಕೂತಿತ್ತು. ಒಂಟಿ ಕಾಲಲ್ಲಿ ತೂಗಾಡಿ ಇನ್ನೇನು ಬೀಳಬೇಕು, ಮೇಷ್ಟ್ರು ಕೊಡೆಯ ತುದಿ ಚಾಚಿದರು. ಕೆಳಗೆ ಹೂವಿನವಳು ಹೂ ಕಟ್ಟುವುದನ್ನೇ ಬಿಟ್ಟು ನೋಡುತ್ತಿದ್ದಳು. ಇಷ್ಟು ಮಡಿಯಾಗಿ ಯಾರೂ ಈ ಗುಡ್ಡ ಹತ್ತಿರಲಾರರೆಂದು ಅಮ್ಮಾಜಮ್ಮನಿಗೆ ಏದುಸಿರಿನಲ್ಲೂ ಸಮಾಧಾನ.

ಮನೆಯ ಜಗಲಿ ಮುಟ್ಟಿದವಳೇ ಮಗಳಿಗೆ ತನ್ನ ಸಾಹಸವನ್ನೆಲ್ಲ ವರ್ಣಿಸಿದಳು. ವರಲಕ್ಷ್ಮಿ ಮೊದಲು ಬಾಯಿ ತೆರೆದಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅಮ್ಮ, ಮೇಷ್ಟ್ರು ಇರೋದೇ ತುದೀ ಕೇರೀಲಿ ಕಣಮ್ಮ.”

ಅಮ್ಮಾಜಮ್ಮ ತನ್ನ ಅಂಗಾಲನ್ನು ತಿರುಗಿಸಿ ನೋಡಿಕೊಂಡಳು. ಮೊದಲೇ ಹೇಳಬಾರದಿತ್ತೇ ಎಂದು ಮೇಷ್ಟ್ರನ್ನು ಕೇಳಿದಳು. ಪಕ್ಕದಲ್ಲೇ ನಿಂತಿದ್ದ ಕೋನಪ್ಪನವರು ಬುಟ್ಟಿ ಇಳಿಸಿದರು.

“ಚೂರು ಯಾರದು ಅಂದ್ರಿ, ಹೇಳ್ದೆ. ನಾನ್ಯಾರು ಅಂದಿದ್ರೆ ಅದನ್ನೂ ಹೇಳ್ತಿದ್ದೆ. ನೀವು ನೆಗೆಯೋದು ನೋಡಿ ನಗು ಬಂತಮ್ಮ, ನಿಜ. ನೋವೂ ಆಯ್ತು.”

ಅಷ್ಟು ಹೇಳಿ ಅವರು ಕೊಡೆ ಬಿಚ್ಚಿಕೊಂಡು ಮೇಲಕ್ಕೆ ನಡೆದರು.

ತಲೆಗೆ ನೀರು ಹಾಕಿಕೊಂಡೇ ಕೂಸನ್ನು ಮುಟ್ಟುವುದೆಂದು ಅಮ್ಮಾಜಮ್ಮ ಹಂಡೆಯ ಕಡೆ ತಿರುಗಿದಳು. ವರಲಕ್ಷ್ಮಿ ಈಗ ನಗುತ್ತಿರಲಿಲ್ಲ. “ಆ ಹಂಡೆ ನೀರು ಮೇಷ್ಟ್ರ ಮನೆ ಲಕ್ಷ್ಮಿದೇವಮ್ಮನೋರು ತಂದಿದ್ದು. ನಾನು ಆಸ್ಪತ್ರೆಯಿಂದ ಬಂದಾಗಿಂದ ದಿನಾ ಅವರೇ ಹೊತ್ತು ಹಾಕ್ತಾರೆ. ಕೂಸಿಗೆ ಸ್ನಾನ ಅದರಲ್ಲೇ. ಅವಳನ್ನೂ ಮುಟ್ಟಲ್ವಾ?”

ಎಳನೀರಿನಲ್ಲಿ ಸ್ನಾನ ಮಾಡಬಹುದೇ ಎಂದೂ ಅಮ್ಮಾಜಮ್ಮ ಒಂದು ಗಳಿಗೆ ಯೋಚಿಸಿದ್ದುಂಟು. ಒಳಗೆ ಕೂಸು ಅತ್ತಿತು. ಮೈಲಿಗೆಗಿಂತ ಹೆಚ್ಚಾಗಿ ಅವಳನ್ನು ಚುಚ್ಚುತ್ತಿದ್ದುದು ಬೇರೆಯೇ. ತಾನು ಅಷ್ಟು ಹೊತ್ತೂ ನೆಗೆದದ್ದು, ಆ ಮನುಷ್ಯ ತನ್ನ ಬುಟ್ಟಿ ಹೊತ್ತು ಸುಮ್ಮನೆ ನೋಡಿಕೊಂಡು ಬಂದದ್ದು. ಅವಳಿಗೆ ನಾಚಿಕೆಯಾಯಿತು. ಒಳಗೆ ಹೋಗಿ ಕೂಸನ್ನು ಎದೆಗೊತ್ತಿಕೊಂಡಳು.

ತೊಟ್ಟಿಲಿಗೆ ಹಾಕುವ ಮುಂಚೆ ಕೂಸನ್ನು ತೊಟ್ಟಿಲ ಕೆಳಗಿನಿಂದ ಆಚೆ ನಿಂತ ಮುತ್ತೈದೆಗೆ ದಾಟಿಸಿ, ಮೇಲಿನಿಂದ ವಾಪಸು ಪಡೆಯಬೇಕು. ಸೇರಿದ್ದ ಹೆಂಗಸರಲ್ಲಿ ಇಬ್ಬರು ಮೂವರು ಆಗಲೇ ಮುಂದೆ ಬಂದಿದ್ದರು. ಹೊಸಲಿನ ಹೊರಗೆ ಒಬ್ಬಾಕೆ ಎಲೆಯಲ್ಲಿ ಸುತ್ತಿದ ಕನಕಾಂಬರ ಹಿಡಿದು ನಿಂತಿದ್ದಳು. ಯಾರೆಂದು ಕೇಳಿದ್ದಕ್ಕೆ ಲಕ್ಷ್ಮಿದೇವಮ್ಮ ಎಂದರು.

“ಒಳಗೆ ಬಾಮ್ಮ,” ಎಂದಳು ಅಮ್ಮಾಜಮ್ಮ. “ತೊಟ್ಲ ಆ ಕಡೆ ನಿಂತ್ಕೋ.”

ಮುಂದೆ ಬಂದಿದ್ದ ಹೆಂಗಸರು ಹಿಂದೆ ಸರಿದರು. ಲಕ್ಷ್ಮಿದೇವಮ್ಮ ವರಲಕ್ಷ್ಮಿಯ ಮುಖ ನೋಡಿ, ಹೂವನ್ನು ಹೊಸಲ ಮೇಲಿಟ್ಟು, ನಿಧಾನವಾಗಿ ಒಳಗೆ ಬಂದಳು. ಕತ್ತು ಭದ್ರ ಎಂದು ಹೇಳುತ್ತ ಅಮ್ಮಾಜಮ್ಮ ಬಗ್ಗಿ ಕೂಸನ್ನು ದಾಟಿಸಿದಳು. ನಾಲ್ಕು ಕೈಗಳೂ ಕೂಸಿನ ಕೆಳಗೆ ಕೂಡಿದ್ದ ಆ ಗಳಿಗೆಯಲ್ಲೇ ಅದು ಇಬ್ಬರ ಮೇಲೂ ಧಾರಾಳವಾಗಿ ಉಚ್ಚೆ ಹೊಯ್ದಿತು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಅಮ್ಮಾಜಮ್ಮ ಕೂಸನ್ನು ಮೇಲಿನಿಂದ ವಾಪಸು ಪಡೆದು ತೊಟ್ಟಿಲಲ್ಲಿ ಮಲಗಿಸಿದಳು. ಲಕ್ಷ್ಮಿದೇವಮ್ಮ ಒದ್ದೆ ಕೈಗಳನ್ನು ಹಾಗೇ ಮುಂದೆ ಹಿಡಿದು ನಿಂತಿದ್ದಳು, ಆ ಮನೆಯ ಯಾವ ಬಟ್ಟೆಯನ್ನು ಮುಟ್ಟಬಹುದೆಂದು ತಿಳಿಯದೆ. ಅಮ್ಮಾಜಮ್ಮ ತೊಟ್ಟಿಲು ಬಳಸಿ ಹೋಗಿ, ತನ್ನ ರೇಷ್ಮೆ ಸೀರೆಯ ಸೆರಗಿನಿಂದ ಮೊದಲು ಅವಳ ಕೈಗಳನ್ನು ಒರೆಸಿದಳು, ಆಮೇಲೆ ಅದರಲ್ಲೇ ತನ್ನವನ್ನು ಒರೆಸಿಕೊಂಡಳು.