ಉಳ್ಳಾಗಡ್ಡಿ ಬಣ್ಣದ ಬೂಟು

"ಇನ್ನೂ ಎಷ್ಟ ಸಲ ತೆಗಿತಿ ಆ ಡಬ್ಬಿ?" ಬಾಗಿಲಲ್ಲಿ ನಿಂತು ಗುರಮ್ಮ ಸೊಸೆಯನ್ನು ಕೇಳಿದಳು.

ಮಯೂರಿ ಮೊಬೈಲು ಕೆಳಗಿಟ್ಟಳು. ಡಬ್ಬಿಯ ಮುಚ್ಚಳ ತೆಗೆಯುವ ವಿಡಿಯೊವನ್ನು ಬೆಳಿಗ್ಗೆಯಿಂದ ನಾಲ್ಕು ಸಲ ಮಾಡಿ ನಾಲ್ಕೂ ಸಲ ಅಳಿಸಿದ್ದಳು. ಸಂಜೆ ಐದರೊಳಗೆ ಅದು ಬೂಟು ಕಳಿಸಿದ್ದ ಪುಣೆಯ ಅಂಗಡಿಗೆ ಹೋಗಬೇಕು. ಸೊಲ್ಲಾಪುರದಲ್ಲಿದ್ದಾಗ ತಿಂಗಳಿಗೆರಡು ಜೋಡಿ ಬೂಟು ಹಾಕಿ, ಬಾಸ್ಕೆಟ್‌ಬಾಲ್ ಆಡಿ, ವಿಡಿಯೊದಲ್ಲಿ ಒಳ್ಳೆಯದು ಕೆಟ್ಟದ್ದು ಹೇಳುತ್ತಿದ್ದವಳು, ಚಪಳಗಾಂವಕ್ಕೆ ಮದುವೆಯಾಗಿ ಬಂದ ಏಳು ತಿಂಗಳಲ್ಲಿ ಒಂದನ್ನೂ ಮಾಡಿರಲಿಲ್ಲ. ಇದೂ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅಂಗಡಿಯವರು ನಯವಾಗಿಯೇ ಬರೆದಿದ್ದರು. ಗಂಡ ಕಾಂತೇಶ, "ಕೂತಲ್ಲೇ ಮಾಡಿ ಕಳಸು, ಯಾರಿಗಿ ಗೊತ್ತಾಗತದ?" ಎಂದು ಹೇಳಿ ಅಕ್ಕಲಕೋಟೆಗೆ ಹೊರಟುಹೋಗಿದ್ದ. ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯ ಹಾಗೆ ಅವಳನ್ನು ಕಾಡುತ್ತಿತ್ತು.

ಬೂಟೇನೋ ಚೆಲುವಾಗಿತ್ತು. ನಲವತ್ತು ವರ್ಷದ ಹಿಂದೆ ಬಾಸ್ಕೆಟ್‌ಬಾಲ್ ಆಟಗಾರರಿಗೆಂದು ಮಾಡಿದ ಅದೇ ಆಕಾರ, ಕಣಕಾಲು ಮುಚ್ಚುವ ಅದೇ ಎತ್ತರ. ಬಣ್ಣ ಮಾತ್ರ ಹೊಸದು. ಕಂಪನಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿಟ್ಟಿತ್ತು. ಮಯೂರಿಯ ಕಣ್ಣಿಗೆ ಅದು ಒಣಗಿದ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ. ಅವಳಪ್ಪನ ಚಾದರದ ಅಂಗಡಿಯಲ್ಲೂ ಇದೇ ಕಥೆ: ನೇಯ್ಗೆಯಲ್ಲಿ ಅದೇ ನವಿಲು, ವರ್ಷಕ್ಕೊಂದು ಬಣ್ಣ. "ಬಣ್ಣಕ್ಕ ಮರುಳಾಗಬ್ಯಾಡ, ತಿರುವಿ ನೋಡು" ಎಂದು ಅಪ್ಪ ಕಲಿಸಿದ್ದ. ತಿರುವಿ ನೋಡಿಯಾಗಿತ್ತು. ಹೊಲಿಗೆ ನೇರ, ಅಂಟು ಎಲ್ಲೂ ಹೊರಬಂದಿಲ್ಲ, ಒದ್ದೆ ಬಟ್ಟೆಗೆ ಬಣ್ಣ ಹತ್ತಿಲ್ಲ. ಇನ್ನು ಹಾಕಿಕೊಂಡು ಓಡಬೇಕು, ತೊಡಕು ಇದ್ದದ್ದು ಅಲ್ಲೇ.

ಈ ಮನೆಯ ಹೆಂಗಸರು ಗಂಡನ, ಮಾವನ ಮುಂದೆ ಕಾಲಿಗೆ ಏನೂ ಹಾಕುವುದಿಲ್ಲ. ಕಟ್ಟೆಯ ಮೇಲೆ ಮಾವ ಅಮೃತಪ್ಪ ಕೂತಿದ್ದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದಾಟಬೇಕು. ಯಾರೂ ಬೈದು ಕಲಿಸಿದ್ದಲ್ಲ. ಗುರಮ್ಮ ಮೂವತ್ತೆಂಟು ವರ್ಷ ಹಾಗೆ ದಾಟಿದ್ದನ್ನು ನೋಡಿಯೇ ಕಲಿಯುವಂಥದ್ದು. ಚಪ್ಪಲಿಯಾದರೆ ಸರಿ. ಎಂಟು ತೂತಿಗೆ ಲೇಸು ಪೋಣಿಸಿದ ಬೂಟನ್ನು ಯಾವ ಪುಣ್ಯಾತ್ಗಿತ್ತಿ ಅಷ್ಟು ಬೇಗ ಕಳಚಿಯಾಳು?

"ಚೀಲದಾಗ ಹಾಕ್ಕೋ," ಎಂದಳು ಗುರಮ್ಮ. "ಬಾವಿ ಕಡಿ ಹೋಗೂಣು. ಅಲ್ಲಿ ಯಾರೂ ಇರಂಗಿಲ್ಲ."

"ನೀವೂ ಬರ್ತೀರೇನ್ರಿ ಅತ್ತಿ?"

"ಮತ್ತ ಮೊಬೈಲ ಯಾರ ಹಿಡಿಬೇಕು? ನಿನ್ನ ಗಂಡ ಹಿಡಿತಾನೇನ?"

ಬಾವಿಯ ಪಕ್ಕದಲ್ಲಿ ಟ್ರ್ಯಾಕ್ಟರ್ ತಿರುಗಿಸುವ ಬಯಲಿತ್ತು. ನೆಲ ಗಟ್ಟಿ, ಮೇಲೆ ತೆಳ್ಳಗೆ ಧೂಳು. ಮಯೂರಿ ಓಡಿದಳು, ಗಕ್ಕನೆ ನಿಂತಳು, ಇಲ್ಲದ ಬುಟ್ಟಿಗೆ ಇಲ್ಲದ ಚೆಂಡು ಎಸೆದು ಜಿಗಿದಳು. ಏಳು ತಿಂಗಳ ಮೇಲೆ ಕಾಲು ಮತ್ತೆ ತನ್ನದಾಯಿತೆಂದು ಅವಳಿಗೆ ಅಳುವಷ್ಟು ಖುಷಿಯಾಯಿತು. ಏದುಸಿರು ಬಿಡುತ್ತಲೇ ಮೊಬೈಲಿಗೆ ಹೇಳಿದಳು: "ತೂಕ ಸ್ವಲ್ಪ ಜಾಸ್ತಿ. ಹಿಡಿತ ಒಂದ ನಂಬರ. ಎಲ್ಲಾರಿಗೂ ಬರೋಬರಿ ಆಗತದ."

ಗುರಮ್ಮ ಮೊಬೈಲು ಇಳಿಸಿದಳು. "ಎಲ್ಲಾರಿಗೂ ಅಂದ್ರ ಯಾರಿಗಿ? ನಿಂದು ಗುಬ್ಬಿ ಕಾಲು." ತನ್ನ ಪಾದವನ್ನು ಮುಂದೆ ಚಾಚಿದಳು. ಉದ್ದ ಇಬ್ಬರದೂ ಒಂದೇ. ಆದರೆ ಗುರಮ್ಮನ ಬೆರಳುಗಳು ಬೀಸಣಿಗೆಯ ಹಾಗೆ ಹರಡಿದ್ದವು.

ಮಾತು ನಿಜವಾಗಿತ್ತು. ಮಯೂರಿ ಎಡಗಾಲಿನ ಬೂಟು ಕಳಚಿ ಕೊಟ್ಟಳು. ತುರುಕಿ, ಎಳೆದು, ಇಬ್ಬರೂ ನಕ್ಕು, ಹೇಗೋ ಪಾದ ಒಳಗೆ ಸೇರಿತು. ಮಯೂರಿ ಕೂತು ಲೇಸು ಬಿಗಿಯುತ್ತಿದ್ದಾಗ ಗುರಮ್ಮನ ನಗು ನಿಂತುಹೋಯಿತು. ಬದುವಿನ ಮೇಲೆ ಅಮೃತಪ್ಪ ನಿಂತಿದ್ದ.

ಗುರಮ್ಮ ಬಗ್ಗಿ ಬೂಟು ಎಳೆದಳು. ಬರಲಿಲ್ಲ. ಸೀರೆ ಇಳಿಬಿಟ್ಟು ಮುಚ್ಚಿದರೂ ಬೂಟಿನ ಮೂತಿ ಹೊರಗೇ ಉಳಿಯಿತು. ಇನ್ನು ಮೊಬೈಲೂ ಇಲ್ಲ, ಬೂಟೂ ಇಲ್ಲ, ಎಲ್ಲ ಮುಗಿಯಿತು ಎಂದುಕೊಂಡಳು ಮಯೂರಿ.

"ಏನ ನಡದದ ಇಲ್ಲಿ?"

"ಬೂಟ ಹ್ಯಾಂಗ ಅದ ಅಂತ ಹೇಳೂ ಕೆಲಸ ರಿ ಮಾವಾ. ಅತ್ತಿಯವ್ರದು ತಪ್ಪಿಲ್ಲ, ನಾನೇ ಅವ್ರಿಗಿ ಹಾಕೀನಿ. ಅಗಲ ಕಾಲಿಗಿ ಆಗತದೋ ಇಲ್ಲೋ ನೋಡದೇ ಸುಳ್ಳ ಹೇಳಬಾರದಂತ."

ಅಮೃತಪ್ಪ ಹೆಂಡತಿಯ ಕಾಲು ನೋಡಿದ. ಅವನೂ ದನದ ಸಂತೆಯಲ್ಲಿ ಎತ್ತನ್ನು ನಡೆಸಿ ನೋಡದೆ ಎಂದೂ ಬೆಲೆ ಹೇಳಿದವನಲ್ಲ. ಬಾವಿಯ ಕಲ್ಲಿನ ಮೇಲೆ ಕುಳಿತು ಸೊಸೆಗೆ ಹೇಳಿದ, "ನಿಂತ್ರ ಏನ ತಿಳಿತದ? ನಡದ ನೋಡ ಅನ್ನು."

"ನಿಮ್ಮ ಮುಂದ ಹ್ಯಾಂಗ ರಿ?" ಎಂದಳು ಗುರಮ್ಮ.

"ನಡಿ."

ಗುರಮ್ಮ ನಡೆದಳು. ಮೊದಲು ತಲೆ ತಗ್ಗಿಸಿ, ಕುಂಟುತ್ತ. "ಕಿರಿಬೆರಳ ಹಿಡಿತದ," ಎಂದಳು. ಇನ್ನೂ ಹತ್ತು ಹೆಜ್ಜೆಗೆ, "ಹಿಮ್ಮಡಿಗಿ ಮಾತ್ರ ಮೆತ್ತಗದ, ಒಡಕ ನೋಯಂಗಿಲ್ಲ." ಮಯೂರಿ ಮೊಬೈಲು ಎತ್ತಿ ಹಿಡಿದಿದ್ದಳು.

ಅಮೃತಪ್ಪ ಅವಳ ಕಡೆ ತಿರುಗದೆಯೇ ಕೇಳಿದ, "ಅಗಲ ಕಾಲಿಂದು ಸಿಗತಾವೇನ?"

"ಕೇಳ್ತೀನ್ರಿ," ಎಂದಳು ಮಯೂರಿ.

ಗುರಮ್ಮ ಅಷ್ಟರಲ್ಲಿ ಬಯಲಿನ ಆಚೆ ತುದಿ ಮುಟ್ಟಿ, ಯಾರೂ ಹೇಳದೆ ಮತ್ತೊಂದು ಸುತ್ತಿಗೆ ತಿರುಗಿದ್ದಳು. ಹಿಂದೆ ಧೂಳಿನಲ್ಲಿ ಒಂದು ಬೂಟಿನ ಗುರುತು, ಒಂದು ಬರಿಗಾಲಿನ ಗುರುತು.