ನನ್ನ ಹಣೆಯ ಕರಿ ಚುಕ್ಕೆ

ನಾನು ಒಂದು ಕ್ವಾಂಟಮ್ ಚಿಪ್. ಉಗುರಗಲದ ನೀಲಮಣಿ ಬಿಲ್ಲೆ, ಅದರ ಮೇಲೆ ಟ್ಯಾಂಟಲಮ್ ಎಂಬ ಲೋಹದ ತೆಳು ಲೇಪ. ಇಷ್ಟೇ ನನ್ನ ಮೈ. ಗಾಳಿಯಿಲ್ಲದ ಪೆಟ್ಟಿಗೆಯೊಳಗೆ ನನ್ನನ್ನು ಹುಟ್ಟಿಸಿದವಳು ಧಾರವಾಡ ಕಡೆಯ ಸಂಶೋಧಕಿ ಕುಮುದಿನಿ. ನನ್ನ ಜೊತೆಯಲ್ಲೇ ಹುಟ್ಟಿದ ತಂಗಿಯೂ ಒಬ್ಬಳಿದ್ದಾಳೆ.

ನೆನಪಿಟ್ಟುಕೊಳ್ಳುವುದು ನನ್ನ ಕೆಲಸ. ಕೊಟ್ಟದ್ದನ್ನು ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಹಿಡಿದಿಟ್ಟರೂ ಇವರಿಗೆ ಹಬ್ಬ. ಅಷ್ಟಕ್ಕೂ ನೂರೆಂಟು ವಿಘ್ನ! ಗಾಳಿ ಸೋಕಿದರೆ ಲೋಹದ ಮೇಲೆ ಪೊರೆ ಬೆಳೆಯುತ್ತದೆ. ಒಂದು ಕಣ ಕೊಳೆ ಕೂತರೂ ನೆನಪು ಸೋರಿಹೋಗುತ್ತದೆ. ಹುಟ್ಟಿದಂದಿನಿಂದ ಜೀವ ಕೈಯಲ್ಲಿ ಹಿಡಿದೇ ಬದುಕಿದವನು ನಾನು.

ಕುಮುದಿನಿಗೂ ಅದು ಗೊತ್ತಿತ್ತು. ನನ್ನನ್ನು ತಯಾರಿಸುವ ಕೋಣೆಗೆ ಬರುವಾಗ ಮುಖ ತೊಳೆದು, ಕಾಡಿಗೆ ಒರೆಸಿ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಡುತ್ತಿದ್ದಳು. ಹೊರಗೆ ಹೋದ ಮೇಲೆ ಮತ್ತೆ ಕಾಡಿಗೆ.

ಅವಳ ಗುರು ಇನಾಂದಾರ್ ಸರ್ ಮೊದಲೇ ಹೇಳಿದ್ದರು: "ಈ ಎರಡು ಚಿಪ್ಪೂ ನೆನಪು ಹಿಡೀಲಿಲ್ಲಂದ್ರ ಫ್ರಿಜ್ ಬ್ಯಾರೆ ತಂಡಕ್ಕ ಹೋಗ್ತದವ್ವಾ. ನಿನ್ನ ಕೆಲಸ ಅಲ್ಲಿಗೇ ನಿಂತ್ಹಂಗ."

ಫ್ರಿಜ್ಜೆಂದರೆ ಹಾಲು, ಮೊಸರಿನದಲ್ಲ. ನಮ್ಮನ್ನು ಇಳಿಬಿಡುವ ಘೋರ ಚಳಿಯ ಡ್ರಮ್ಮು. ನನ್ನ ಸರದಿ ಬಂತು. ಹೊರಗಿನ ಕೋಣೆಯಲ್ಲಿ ಕುಮುದಿನಿ ನನ್ನನ್ನು ತಾಮ್ರದ ಡಬ್ಬಿಯಲ್ಲಿ ಕೂರಿಸಿದಳು. ಮುಚ್ಚಳ ಹಾಕುವ ಮೊದಲು ಡಬ್ಬಿಯನ್ನೆತ್ತಿ ಕಣ್ಣಿಗೊತ್ತಿಕೊಂಡಳು. ಹೊಸ ಪುಸ್ತಕಕ್ಕೂ ಹೊಸ ಪೆನ್ನಿಗೂ ಅವಳು ಹಾಗೇ ಮಾಡುವವಳು. ರೆಪ್ಪೆಯಿಂದ ಏನೋ ಉದುರಿ ನನ್ನ ಮೇಲೆ ಬಿತ್ತು. ಅಯ್ಯೋ ಎಂದು ಕೂಗಲು ನನಗೆ ಬಾಯೆಲ್ಲಿದೆ?

ಚಳಿಯಲ್ಲಿ ನನಗೆ ಕೊಟ್ಟದ್ದನ್ನು ಮರಳಿ ಕೇಳಿದರು. ಕೊಟ್ಟದ್ದೆಲ್ಲ ಕೊಟ್ಟ ಕೂಡಲೇ ಮರೆತಿದ್ದೆ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

"ಲೋಹಾನ ಸರಿ ಇಲ್ಲೇನೋ ಸರ್," ಎಂದಳು ಕುಮುದಿನಿ.

ಸರ್ ನನ್ನನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅತ್ತ ಅವಳು ತಂಗಿಯನ್ನು ಡಬ್ಬಿಯಲ್ಲಿ ಕೂರಿಸಿದಳು. ಡಬ್ಬಿ ಮೇಲೆದ್ದಿತು, ಮುಚ್ಚಳವಿಲ್ಲದೆ, ಕಣ್ಣಿನ ಕಡೆಗೆ. ಬೇಡ ತಾಯಿ, ಬೇಡ!

"ಕುಮುದಿನೀ, ಇಲ್ಲಿ ಬಾ. ಇದೇನಿದು ಕರಿ ಚುಕ್ಕಿ?"

ಡಬ್ಬಿ ಕೆಳಗಿಳಿಯಿತು. ಅವಳು ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ರೆಪ್ಪೆಯಂಚು ಮುಟ್ಟಿಕೊಂಡಳು, ಬೆರಳು ಕಪ್ಪಾಗಿತ್ತು.

"ಸರ್... ನನ್ನ ಕಾಡಿಗಿ."

ಸರ್ ಬೈಯಲಿಲ್ಲ. "ಅಳಬ್ಯಾಡ. ಮುಖಾ ತೊಳ್ಕೊಂಡು ಬಾ, ಹೋಗು."

ತೊಳೆದ ಮುಖದಲ್ಲಿ ಬಂದವಳು ಮೊದಲು ಮುಚ್ಚಳ ಬಿಗಿದಳು. ಆಮೇಲೆ, ಬಿಡಲಾರದೆ, ಮುಚ್ಚಿದ ಡಬ್ಬಿಯನ್ನೇ ಕಣ್ಣಿಗೊತ್ತಿಕೊಂಡಳು.

ತಂಗಿಯ ನೆನಪಿನ ಗೆರೆ ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಮೂಡಿತು. "ಇನ್ನೂ ಐತಿ ಸರ್... ಇನ್ನೂ ಐತಿ!" ಎನ್ನುತ್ತ ಕುಮುದಿನಿ ಕುರ್ಚಿಯ ಕೈ ಹಿಡಿದು ನಿಂತಿದ್ದಳು. ಫ್ರಿಜ್ ಅವಳಲ್ಲೇ ಉಳಿಯಿತು.

ನಾನೀಗ ಅವಳ ಮೇಜಿನ ಮೇಲೆ ಗಾಜಿನ ಡಬ್ಬಿಯಲ್ಲಿದ್ದೇನೆ. ಕೆಟ್ಟದ್ದನ್ನು ಯಾಕೆ ಇಟ್ಟುಕೊಂಡಿದ್ದೀ ಎಂದು ಯಾರಾದರೂ ಕೇಳಿದರೆ, "ತಂಗಿಗೆ ದೃಷ್ಟಿ ತಾಗಬಾರದಲ್ರಿ, ಅದಕ್ಕ," ಎಂದು ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಫ್ರಿಜ್ಜಿನ ಪಂಪಿನ ಸದ್ದು ಚೂರು ಬದಲಾದರೂ ತಂಗಿಗೇನಾಯಿತೋ ಎಂದು ಎದೆ ಧಸಕ್ಕೆನ್ನುತ್ತದೆ. ನೆನಪಿಡುವ ಕೆಲಸ ನನ್ನಿಂದಾಗಲಿಲ್ಲ. ನನ್ನ ಮೇಲೆ ಬಾಗಿದ ಆ ಎರಡು ಕಣ್ಣುಗಳನ್ನು ಮಾತ್ರ ಇನ್ನೂ ಮರೆತಿಲ್ಲ.