ಬುರುಲ್ ಬರೆದ ಉಪ್ಪಿನ ಜಾಹೀರಾತು

ಏಣಿಯ ತುದಿಯಲ್ಲಿ ನಿಂತು ಸಮಿದಿನ್ ಬ್ಯಾನರಿನ ಎರಡನೆಯ ಹಗ್ಗ ಬಿಗಿಯುತ್ತಿದ್ದಾಗ ಕೆಳಗಿನಿಂದ ಜಿಪಾರಳ ದನಿ ಬಂತು.

"ಇಳಿಸು ಅದನ್ನ."

"ಅಕ್ಕ, ಇನ್ನೊಂದೇ ಗಂಟು..."

"ಇಳಿಸು ಅಂದೆ. ಯಾರೋ ಈ ಹೆಂಗಸು?"

ಬ್ಯಾನರಿನ ಮೇಲಿದ್ದವಳು ಜಿಪಾರಳ ತಾಯಿ ಬುರುಲ್. ಆಕೆಯ ಶವ ಅಂಗಳದ ಬೂದುಬಣ್ಣದ ಉಣ್ಣೆಗುಡಾರದಲ್ಲಿತ್ತು. ಒಳಗೆ ಹೆಂಗಸರು ಪದ್ಧತಿಯಂತೆ ಗೋಡೆಗೆ ಮುಖಮಾಡಿ ಹಾಡಿಕೊಂಡು ಅಳುತ್ತಿದ್ದರು. ಬ್ಯಾನರಿನಲ್ಲಿ ಮಾತ್ರ ಎಂಬತ್ತರ ಮುದುಕಿಗೆ ಮೂವತ್ತರ ಕೆನ್ನೆ. ಹಿಂದೆ ಹುಟ್ಟುವ ಸೂರ್ಯ. ಕೆಳಗೆ ಚಿನ್ನದ ಅಕ್ಷರ: 'ಕಲಾಗಗನದ ಧ್ರುವತಾರೆ, ಜನಮನದ ಒಡತಿ, ಅಮರ ಚೇತನ.'

ಸಮಿದಿನ್ ಇಳಿದು ಬಂದ. ಹದಿನೆಂಟನೇ ವಯಸ್ಸಿನಲ್ಲಿ ಬುರುಲಳ ಬಳಿ ಕುಂಚ ಹಿಡಿದವನು. ಈಗ ನಲವತ್ತೈದು, ರಾಜಧಾನಿ ಬಿಷ್ಕೆಕ್‌ನಲ್ಲಿ ಸ್ವಂತ ಜಾಹೀರಾತು ಕಂಪನಿ, ನಾಲ್ಕು ವೃತ್ತಗಳಲ್ಲಿ ದೊಡ್ಡ ಪರದೆಗಳು. ರಾತ್ರಿಯಿಡೀ ಕಾರು ಓಡಿಸಿಕೊಂಡು ಈ ಬೆಟ್ಟದೂರು ನಾರಿನ್‌ಗೆ ಬಂದಿದ್ದ.

"ಗುರುಗಳಿಗೆ ದೊಡ್ಡದಾಗಿ ಏನಾದ್ರೂ ಮಾಡಬೇಕು ಅನ್ನಿಸ್ತು ಅಕ್ಕ. ಈಗಿನ ಜನ ಎರಡು ಸೆಕೆಂಡಿಗಿಂತ ಜಾಸ್ತಿ ಎಲ್ಲೂ ನೋಡಲ್ಲ. ಕಣ್ಣಿಗೆ ಹೊಡೀಬೇಕು."

"ಹೊಡೀತು ಬಿಡಪ್ಪ, ನನ್ನ ಕಣ್ಣು ಇನ್ನೂ ಉರೀತಿದೆ," ಎಂದಳು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಟೊಕ್ಟೊಕಾನ್. ಆಕೆ ಸೋವಿಯತ್ ಕಾಲದಲ್ಲಿ ಸರಕಾರಿ ದಿನಸಿ ಅಂಗಡಿಯಲ್ಲಿ ತೂಕ ಹಾಕುತ್ತಿದ್ದವಳು, ಬುರುಲಳ ಓರಗೆಯವಳು. "ಆ ಕಾಲದ ಜನ ಏನು ನಿಂತು ನೋಡ್ತಿದ್ರು ಅಂದ್ಕೊಂಡ್ಯಾ? ಉಪ್ಪಿನ ಕತೆ ನಿಂಗೆ ಗೊತ್ತಿಲ್ವಾ?"

"ಗುರುಗಳು ಯಾವತ್ತೂ ಹೇಳಲಿಲ್ಲ."

"ಅವಳು ಹೇಳ್ತಾಳಾ! ಕೂತ್ಕೋ, ನಾನು ಹೇಳ್ತೀನಿ."

*

ಆ ವರ್ಷ ಅಯೋಡಿನ್ ಬೆರೆಸಿದ ಉಪ್ಪು ಮೂಟೆಗಟ್ಟಲೆ ಬಂದಿತ್ತು. ಬೆಟ್ಟದ ನೀರು ಕುಡಿದ ಹೆಂಗಸರಲ್ಲಿ ಎಷ್ಟೋ ಜನರಿಗೆ ಗಳಗಂಡ, ಅಯೋಡಿನ್ ಕೊರತೆಯಿಂದ ಕೊರಳಲ್ಲಿ ಬೆಳೆಯುವ ಗಂಟು. ಆದರೂ ಉಪ್ಪು ಮಾರಾಟವಾಗಲಿಲ್ಲ. ಅದರಲ್ಲಿ ಔಷಧಿ ವಾಸನೆ ಇದೆ, ತಿಂದರೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಗೋಡೆಯ ಮೇಲೆ ಇಲಾಖೆಯ ಭಿತ್ತಿಪತ್ರವಿತ್ತು: ಕೆಂಪು ಕೆನ್ನೆಯ ಹೆಂಗಸು ನಗುತ್ತಿದ್ದಾಳೆ, 'ಅಯೋಡಿನ್ ಉಪ್ಪು, ಜನತೆಯ ಬಲ!' ಆರು ತಿಂಗಳಲ್ಲಿ ಉಪ್ಪು ಕಲ್ಲಾಯಿತು.

ಇಪ್ಪತ್ತಾರರ ಬುರುಲ್ ವ್ಯಾಪಾರ ಇಲಾಖೆಯ ಚಿತ್ರಗಾರ್ತಿ. ಹೊಸದೊಂದು ಬರೆಯಲು ಆಜ್ಞೆಯಾಯಿತು. ಅವಳು ಕುಂಚ ಮುಟ್ಟಲಿಲ್ಲ. ಮೂರು ದಿನ ಅಂಗಡಿಯ ಮೂಲೆಯಲ್ಲಿ ನಿಂತು ಹೆಂಗಸರ ಕಣ್ಣು ಎಲ್ಲಿ ಹೋಗುತ್ತದೆಂದು ನೋಡಿದಳು. ಗೋಡೆಯನ್ನು ಯಾರೂ ನೋಡುತ್ತಿರಲಿಲ್ಲ. ಒಬ್ಬರ ಕುತ್ತಿಗೆಯನ್ನು ಇನ್ನೊಬ್ಬರು ಕಳ್ಳಗಣ್ಣಿನಲ್ಲಿ ನೋಡುತ್ತಿದ್ದರು.

ಅಂದು ಸಂಜೆ ಅವಳು ತನ್ನ ತಾಯಿಯ ಮುಂದೆ ಕೂತಳು. ತಾಯಿಯ ಕೊರಳಲ್ಲಿ ಮುಷ್ಟಿಗಾತ್ರದ ಗಂಟು. ಕಡುಬೇಸಿಗೆಯಲ್ಲೂ ಶಾಲು ಬಿಚ್ಚಿದವಳಲ್ಲ.

"ಅಮ್ಮ, ನಿನ್ನ ಚಿತ್ರ ಬರೀಬೇಕು. ಶಾಲಿಲ್ಲದೆ."

"ಊರೆಲ್ಲ ನೋಡ್ತಾರಲ್ಲೇ!"

"ನೋಡಲಿ ಅಂತಾನೇ."

ತಾಯಿ ಮೂರು ವರ್ಷದ ಮೊಮ್ಮಗಳು ಜಿಪಾರಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿ, ಶಾಲು ಬಿಚ್ಚಿದಳು.

ಚಿತ್ರದಲ್ಲಿ ಬುರುಲ್ ಏನನ್ನೂ ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಗಂಟು ಇದ್ದಂತೆಯೇ ಇತ್ತು, ಮುಖದ ಚೆಲುವೂ ಇದ್ದಂತೆಯೇ ಇತ್ತು. ಅಜ್ಜಿ ನೋಡುಗರನ್ನು ನೋಡುತ್ತಿರಲಿಲ್ಲ. ಜಡೆ ಹೆಣೆಯುತ್ತ ಮೊಮ್ಮಗಳ ನುಣುಪು ಕೊರಳನ್ನು ನೋಡುತ್ತಿದ್ದಳು. ಕೆಳಗೆ ಎರಡೇ ಮಾತು: 'ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತು.'

ಮೇಲಧಿಕಾರಿ ಕೆಂಡವಾದ. "ಉಪ್ಪು ಅನ್ನೋ ಪದವೇ ಇಲ್ವಲ್ಲಮ್ಮ!"

"ಉಪ್ಪಿನ ಮೂಟೆ ಮೇಲೇ ತೂಗುಹಾಕ್ತೀನಿ ಸಾರ್. ಮತ್ತೆ ಪದ ಯಾಕೆ?"

"ನಗುವ ಹೆಂಗಸು ಎಲ್ಲಿ? ಇದನ್ನ ಹಾಕಿದ್ರೆ ಕೆಲಸ ಹೋಗುತ್ತೆ, ನೆನಪಿರಲಿ."

ಅವಳು ಹಾಕಿದಳು. ಶನಿವಾರದ ಸಾಲಿನಲ್ಲಿ ಹೆಂಗಸರು ಚಿತ್ರ ನೋಡಿದರು, ಬಾಯಿಗೆ ಕೈ ಇಟ್ಟುಕೊಂಡರು, ಆದರೆ ಯಾರೂ ಮುಂದೆ ಬರಲಿಲ್ಲ. ಆಗ ಬಾಗಿಲಲ್ಲಿ ಬುರುಲಳ ತಾಯಿ ಕಾಣಿಸಿಕೊಂಡಳು. ಶಾಲಿಲ್ಲ. ಬರಿಗೊರಳಲ್ಲಿ ಇಡೀ ಅಂಗಡಿ ದಾಟಿ ಬಂದು ತಕ್ಕಡಿಯ ಮುಂದೆ ನಿಂತಳು.

"ಎರಡು ಕಿಲೋ ಹಾಕಮ್ಮ. ಮೊಮ್ಮಗಳಿಗೆ."

*

"ಅವಳ ಕೊರಳು ನೋಡ್ತಾ ನಾನು ಮೂರು ಕಿಲೋ ಹಾಕಿಬಿಟ್ಟೆ," ಎಂದಳು ಟೊಕ್ಟೊಕಾನ್. "ಕತ್ತಲಾಗೋದ್ರೊಳಗೆ ಒಂದು ಮೂಟೆನೂ ಉಳೀಲಿಲ್ಲ. ಆ ಸಾಹೇಬ ಅದೇ ಚಿತ್ರ ತೋರಿಸಿ ತಾನು ಪದಕ ಹೊಡ್ಕೊಂಡ, ಅದು ಬೇರೆ ಮಾತು."

ಸಮಿದಿನ್ ಜಿಪಾರಳ ಕಡೆ ನೋಡಿದ. ಐವತ್ತೇಳರ ಆಕೆಯ ಕೊರಳು ನೇರವಾಗಿತ್ತು, ನುಣ್ಣಗಿತ್ತು. ಅವನು ಎದ್ದು ಏಣಿ ಹತ್ತಿ ಬ್ಯಾನರು ಬಿಚ್ಚತೊಡಗಿದ.

"ನನ್ನ ಮೊದಲ ಬರಹಗಳನ್ನೆಲ್ಲ ಗುರುಗಳು ಹೊಡೆದುಹಾಕಿದ್ರು ಅಕ್ಕ," ಎಂದ ಮೇಲಿನಿಂದ. "'ಈ ಮಾತನ್ನ ಬೇರೆ ಯಾರ ಬಗ್ಗೆಯಾದ್ರೂ ಹೇಳಬಹುದೇನೋ? ಹಾಗಾದ್ರೆ ತೆಗೆ' ಅಂತಿದ್ರು. ಧ್ರುವತಾರೆ, ಒಡತಿ, ಚೇತನ... ಒಂದೂ ಉಳಿಯಲ್ಲ."

"ಅಮ್ಮನ ಕೆನ್ನೆಮೇಲಿನ ಮಚ್ಚೆನೂ ಅಳಿಸಿದ್ದೀಯಲ್ಲೋ, ಪೆದ್ದ," ಎಂದು ಜಿಪಾರ್ ಆ ದಿನ ಮೊದಲ ಬಾರಿಗೆ ನಕ್ಕಳು, ನಗುತ್ತಲೇ ಅತ್ತಳು.

ಮಧ್ಯಾಹ್ನ ಶವವನ್ನು ಗುಡಾರದಿಂದ ಹೊರಗೆ ತಂದರು. ಪ್ರಾರ್ಥನೆಗೆ ಗಂಡಸರು ಸಾಲಾಗಿ ನಿಂತರು. ಇಮಾಮರು ಪದ್ಧತಿಯಂತೆ ಕೇಳಿದರು: "ಈಕೆ ಎಂಥ ವ್ಯಕ್ತಿಯಾಗಿದ್ದಳು?"

"ಒಳ್ಳೆಯವಳಾಗಿದ್ದಳು," ಎಂದರು ಎಲ್ಲರೂ, ಎಲ್ಲ ಸಾವಿನಲ್ಲೂ ಹೇಳುವಂತೆ.

ಸಮಿದಿನ್‌ಗೆ ಆ ಮಾತು ಸಾಲಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಬಂದ.

"ಇವರು ಬರೆದಿದ್ದನ್ನ ನಂಬಿ ಯಾರೂ ಮೋಸ ಹೋಗಲಿಲ್ಲ."

ಇಮಾಮರು ತಲೆಯೆತ್ತಿ ನೋಡಿದರು. ಹಿಂದಿನ ಸಾಲಿನಿಂದ ಯಾರೋ "ಹೌದು" ಅಂದರು. ಆಮೇಲೆ ಇನ್ನೊಬ್ಬರು. ಗುಡಾರದೊಳಗಿನ ಹೆಂಗಸರ ಹಾಡು ಒಮ್ಮೆ ನಿಂತು, ಮೊದಲಿಗಿಂತ ಗಟ್ಟಿಯಾಗಿ ಎದ್ದಿತು.

ಶವದ ಮಂಚ ಪೇಟೆಬೀದಿಯಲ್ಲಿ ಹೆಗಲಿಂದ ಹೆಗಲಿಗೆ ದಾಟುತ್ತ ಸಾಗಿತು. ಅಂಗಡಿಗಳೆಲ್ಲ ಮುಚ್ಚಿದ್ದವು, ಮುಚ್ಚಿದ ಬಾಗಿಲುಗಳ ಮೇಲೆ ಬುರುಲಳ ಕೈಬರಹದ ಫಲಕಗಳು. ಹೊತ್ತವರು ತಮಗೇ ತಿಳಿಯದಂತೆ ನಡಿಗೆ ನಿಧಾನ ಮಾಡಿ ಒಂದೊಂದನ್ನೇ ಓದುತ್ತಿದ್ದರು. ದಂತವೈದ್ಯನ ಬಾಗಿಲ ಮೇಲೆ ನೀಲಿ ಅಕ್ಷರಗಳಿದ್ದವು: 'ನೋವಾಗುತ್ತದೆ. ಬೇಗ ಮುಗಿಯುತ್ತದೆ.' ಮುಂದಿನ ಹೆಗಲು ಕೊಟ್ಟಿದ್ದ ಮುದುಕ ಅದನ್ನೋದಿ, ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿದ್ದರೂ ತಡೆಯಲಾರದೆ ನಕ್ಕ. ಬಾಯಿ ತುಂಬ ಚಿನ್ನದ ಹಲ್ಲುಗಳು ಬಿಸಿಲಿಗೆ ಮಿಂಚಿದವು.